ಚಾಮರಾಜನಗರದ ಕರಿಕಲ್ಲು ಕ್ವಾರಿಯಲ್ಲಿ ಮೇಲ್ವಿಚಾರಣೆ ಕಲಿಯುವವರಿಗೆ

ಡಿಪ್ಲೊಮಾ ಮುಗಿಸಿದ ನಿಮ್ಮ ಸೋದರಳಿಯ ನಮ್ಮ ಜಿಲ್ಲೆಯ ಕರಿಕಲ್ಲು ಕ್ವಾರಿಯೊಂದಕ್ಕೆ ತರಬೇತಿ ಮೇಲ್ವಿಚಾರಕನಾಗಿ ಬರುತ್ತಿದ್ದಾನೆ, ಅವನಿಗೆ ಇಲ್ಲಿ ನಿಜವಾಗಿ ಏನು ಕೆಲಸವಿರುತ್ತದೆ ಎಂದು ಕೇಳಿದ್ದೀರಿ. ಹಾಜರಿ, ಡೀಸೆಲ್ ಲೆಕ್ಕ, ಕಲ್ಲಿನ ಅಳತೆ ಇವೆಲ್ಲವೂ ಇರುತ್ತವೆ, ಬೇಗ ಕೈಗೂ ಬರುತ್ತವೆ. ಆದರೆ ಬೆಳಿಗ್ಗೆ ಕಲ್ಲಿನ ಗೋಡೆಯನ್ನು ನೋಡಿ, ಈ ಹೊತ್ತು ಅದರ ಕೆಳಗೆ ಆಳುಗಳನ್ನು ಇಳಿಸಬಹುದೇ ಬೇಡವೇ ಎಂದು ಹೇಳುವುದು ಬೇಗ ಬರುವ ವಿದ್ಯೆಯಲ್ಲ. ಅವನು ಬರುವುದು ಅದನ್ನು ಕಲಿಯಲಿಕ್ಕೆ.

ವ್ಯಾಪಾರದಲ್ಲಿ ಗ್ರಾನೈಟ್ ಎಂದು ಕರೆದರೂ ನಮ್ಮ ಕರಿಕಲ್ಲು ಭೂವಿಜ್ಞಾನದ ಲೆಕ್ಕದಲ್ಲಿ ಡಾಲರೈಟ್. ಅದು ಬೇರೆ ಜಾತಿಯ ಬಂಡೆಯನ್ನು ಸೀಳಿಕೊಂಡು ಮೇಲೆದ್ದ ಕಿರಿದಾದ ಪಟ್ಟಿಯಾಗಿ ಸಿಗುವುದರಿಂದ, ಕ್ವಾರಿ ಅಗಲವಾಗುವುದಕ್ಕಿಂತ ಆಳವಾಗುತ್ತಾ ಹೋಗುತ್ತದೆ, ಎರಡೂ ಬದಿಯ ಗೋಡೆಗಳು ಕಡಿದಾಗಿ ನಿಲ್ಲುತ್ತವೆ. ಕೆಳಗಿನಿಂದ ಕೊರೆದು ಮೇಲಿನ ಬಂಡೆ ಹೊರಚಾಚಿ ನಿಲ್ಲುವಂತೆ ಮಾಡಬಾರದು, ಗುಂಡಿಯ ಅಂಚಿನಿಂದ 3 ಮೀಟರ್ ಒಳಗೆ ಸಡಿಲ ಕಲ್ಲು, ಮರ, ಮಣ್ಣಿನ ರಾಶಿ ಇರಬಾರದು ಎಂದು 1961ರ ಲೋಹಗಣಿ ನಿಯಮಾವಳಿ ಹೇಳುತ್ತದೆ. ಮಳೆ ಬಂದ ಮರುದಿನ ಮೇಲಿನ ಅಂಚಿನಲ್ಲಿ ಹೊಸ ಬಿರುಕು ಬಿಟ್ಟಿದೆಯೇ, ಒಣಗಿದ್ದ ಸಂದಿನಿಂದ ನೀರು ಜಿನುಗುತ್ತಿದೆಯೇ ಎಂದು ಅವನು ಮೇಲೆ ಹತ್ತಿಯೇ ನೋಡಬೇಕು. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಗುಮ್ಮಕಲ್ಲು ಗುಡ್ಡದಲ್ಲಿ ಬಂಡೆ ಕುಸಿದು ಹೊರರಾಜ್ಯದಿಂದ ದುಡಿಯಲು ಬಂದಿದ್ದವರು ಸತ್ತದ್ದನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಕೆಲಸ ನಿಲ್ಲಿಸಿ ಎನ್ನಲು ಅಧಿಕಾರವಿಲ್ಲದ ಮೇಲ್ವಿಚಾರಕ ಇದ್ದೂ ಇಲ್ಲದಂತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಅಧಿಕಾರ ಯಾರ ಕೈಯಲ್ಲಿದೆ ಎಂದು ಸೇರುವ ದಿನವೇ ಕೇಳಿಕೊಳ್ಳಲು ಹೇಳಿ.

ಕಲ್ಲನ್ನು ಬಿಡಿಸುವ ಕೆಲಸವನ್ನು ಈಗ ಹೆಚ್ಚಾಗಿ ವಜ್ರದ ಮಣಿಗಳನ್ನು ಪೋಣಿಸಿದ ತಂತಿಯ ಗರಗಸ ಮಾಡುತ್ತದೆ. ಮೇಲಿನಿಂದ ಒಂದು, ಎದುರಿನಿಂದ ಒಂದು ರಂಧ್ರ ಕೊರೆದು, ಎರಡೂ ಒಳಗೆ ಸರಿಯಾಗಿ ಕೂಡಿದ ಮೇಲೆ ತಂತಿ ಪೋಣಿಸಿ, ನೀರು ಬಿಡುತ್ತಾ ಎಳೆಯುತ್ತಾರೆ. ತಂತಿ ತುಂಡಾದರೆ ಮಣಿಗಳು ಬಂದೂಕಿನ ಗುಂಡಿನಂತೆ ಸಿಡಿಯುತ್ತವೆ. ಆದ್ದರಿಂದ ತಂತಿಯ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಳ್ಳುವುದೂ ಅವನದೇ ಹೊಣೆ. ಬಿಡಿಸಿದ ಬ್ಲಾಕಿನ ಮೇಲೆ ನೀರು ಸುರಿದು ಒಣಗಲು ಬಿಟ್ಟರೆ, ಉಳಿದೆಲ್ಲ ಕಡೆ ಆರಿದ ಮೇಲೂ ಕೂದಲೆಳೆಯ ಬಿರುಕಿನಲ್ಲಿ ತೇವದ ಗೆರೆ ಉಳಿಯುತ್ತದೆ. ಹಳೆಯ ಮೇಸ್ತ್ರಿಗಳು ಸುತ್ತಿಗೆಯಿಂದ ತಟ್ಟಿ ಸದ್ದಿನಲ್ಲೇ ಅದನ್ನು ಗುರುತಿಸುತ್ತಾರೆ. ಈ ಕಲ್ಲು ಸಮಾಧಿಶಿಲೆಗಳಿಗಾಗಿ ವಿದೇಶಕ್ಕೆ ಹೋಗುವುದರಿಂದ ಒಂದು ಬಿಳಿ ಗೆರೆ ಕಂಡರೂ ಬೆಲೆ ಬಿದ್ದುಹೋಗುತ್ತದೆ. ಘನಮೀಟರಿಗೆ ಸುಮಾರು 3 ಟನ್ ತೂಗುವ ಕಲ್ಲಾದ್ದರಿಂದ ಅಳತೆಯಲ್ಲಿ ತಪ್ಪಿದರೆ ಕ್ರೇನಿನ ಭಾರವೂ ಲಾರಿಯ ಭಾರವೂ ತಪ್ಪುತ್ತವೆ.

ಕ್ವಾರಿಯ ಮಾತು ಒಂದೇ ಭಾಷೆಯದಲ್ಲ. ತಾಳವಾಡಿ ಆಡಳಿತದಲ್ಲಿ ತಮಿಳುನಾಡಿಗೆ ಸೇರಿದರೂ ಅಲ್ಲಿಂದ ಕೆಲಸಕ್ಕೆ ಬರುವ ಅನೇಕರ ಮನೆಮಾತು ಕನ್ನಡ. ಸೇಲಂ, ಧರ್ಮಪುರಿ ಕಡೆಯವರು ಮಾತ್ರ ತಮಿಳನ್ನೇ ಆಡುತ್ತಾರೆ. ವಯಸ್ಸಾದ ಡ್ರಿಲ್ಲರನ್ನು ‘ಅಣ್ಣ’ ಎಂದು ಕರೆದು ಕೇಳಿದರೆ, ಯಾವ ಸಂದು ಎತ್ತ ಓಡುತ್ತದೆ ಎಂದು ಅವರೇ ಕೈಹಿಡಿದು ತೋರಿಸುತ್ತಾರೆ. ಎಚ್ಚರಿಕೆಯ ಮಾತುಗಳನ್ನಂತೂ ಎರಡೂ ಭಾಷೆಯಲ್ಲಿ ಕಲಿಯಲಿ.

ಲಾರಿಯ ವಿಷಯಕ್ಕೆ ಬಂದರೆ, ಪ್ರತಿ ಬ್ಲಾಕಿಗೂ ಸಂಖ್ಯೆ ಬರೆದು, ರಾಜಧನ ಕಟ್ಟಿ, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಪಡೆದ ಮೇಲೆಯೇ ಹೊರಡಿಸಬೇಕು. ಸತ್ಯಮಂಗಲದತ್ತ ಇಳಿಯುವ ದಿಂಬಂ ಘಾಟಿಯಲ್ಲಿ 27 ತಿರುವುಗಳಿವೆ. 2022ರ ಫೆಬ್ರವರಿಯಿಂದ ಅಲ್ಲಿ ಭಾರೀ ವಾಹನಗಳಿಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಲಾಯಿತು. ಹೀಗಾಗಿ ಯಾವ ಲೋಡು ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಹೋಗಬಹುದು ಎಂಬುದನ್ನು ಹಿಂದಿನ ದಿನವೇ ತೀರ್ಮಾನಿಸಬೇಕಾಗುತ್ತದೆ.

ಧೂಳಿನ ಬಗ್ಗೆ ಅವನ ತಾಯಿಗೂ ತಿಳಿಸಿ. ಕರಿಕಲ್ಲಿನ ಸುತ್ತಲಿನ ಬಂಡೆಯಲ್ಲಿ ಸಿಲಿಕಾ ಹೆಚ್ಚು. ಒಣ ಕೊರೆತದ ಧೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ಪೂರ್ತಿ ಗುಣವಾಗುವ ಚಿಕಿತ್ಸೆಯಿಲ್ಲ. ನೀರು ಬಿಟ್ಟೇ ಕೊರೆಯಬೇಕೆಂದು ಅವನು ಹಟ ಹಿಡಿಯಲಿ. ಸೇರುವಾಗ ನಡೆಯುವ ವೈದ್ಯಕೀಯ ತಪಾಸಣೆಯ ವರದಿಯ ಪ್ರತಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳಲಿ, ಅನುಭವದ ಪ್ರಮಾಣಪತ್ರವನ್ನೂ ಆಗಾಗ ಬರೆಸಿಕೊಳ್ಳಲಿ. ಮುಂದೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಫೋರ್‌ಮನ್ ಪರೀಕ್ಷೆಗೆ ಕೂರಲು ಆ ಪತ್ರ ಬೇಕಾಗುತ್ತದೆ.