ಮನೆಕೆಲಸದ ಅಕ್ಕನಿಗೆ ಐನೂರು ರೂಪಾಯಿಯೊಳಗೆ ಯಾವ ವಿಮೆ ಮಾಡಿಸಲಿ?

ನಿಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ವರ್ಷಕ್ಕೆ ಐನೂರರ ಮೇಲೆ ಕಟ್ಟಲಾರರು, ಅಷ್ಟರಲ್ಲಿ ಕೆಲಸಕ್ಕೆ ಬರುವ ವಿಮೆ ಇದೆಯಾ ಅಂತ ಕೇಳಿದ್ದೀರಿ. ಇದೆ. 456 ರೂಪಾಯಿಗೆ ಎರಡು ಸಿಗುತ್ತವೆ. ಆದರೆ ಮಾಡಿಸಿ ಬಿಟ್ಟರೆ ಸಾಲದು. ನಾನು ಮಲೆನಾಡಿನ ಒಂದು ಹಳ್ಳಿಯಲ್ಲಿ ಬ್ಯಾಂಕ್ ಮಿತ್ರ, ಅಂದರೆ ಬ್ಯಾಂಕಿನ ಪರವಾಗಿ ಊರಲ್ಲೇ ಖಾತೆಯ ಕೆಲಸ ಮಾಡಿಕೊಡುವ ಏಜೆಂಟ್ ಆಗಿದ್ದೇನೆ. ವಿಮೆ ಇದ್ದೂ ದುಡ್ಡು ಕೇಳದ ಮನೆಗಳನ್ನು ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಎರಡೂ ಕೇಂದ್ರ ಸರ್ಕಾರದ ಯೋಜನೆಗಳು. ಮೊದಲನೆಯದು ಪ್ರಧಾನ ಮಂತ್ರಿ ಜೀವನ್ ಜ್ಯೋತಿ ಬಿಮಾ, ವರ್ಷಕ್ಕೆ 436. ಯಾವ ಕಾರಣಕ್ಕೆ ತೀರಿಕೊಂಡರೂ ಮನೆಯವರಿಗೆ 2 ಲಕ್ಷ. ಎರಡನೆಯದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ, ವರ್ಷಕ್ಕೆ 20. ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ, ಒಂದು ಕೈಯೋ ಕಾಲೋ ಕಳೆದುಕೊಂಡರೆ 1 ಲಕ್ಷ. ಎರಡೂ 2015ರಲ್ಲಿ ಶುರುವಾದವು. ಖಾತೆ ಇರುವ ಬ್ಯಾಂಕಿನಲ್ಲೇ ಒಂದು ಫಾರಂ ತುಂಬಿದರೆ ಆಯಿತು. ಪ್ರತಿ ವರ್ಷ ಮೇ ಕೊನೆಯಲ್ಲಿ ದುಡ್ಡು ತಾನಾಗಿ ಕಡಿತವಾಗುತ್ತದೆ.

ಇನ್ನು ನಾನು ಹೇಳಬೇಕಾದ ವಿಷಯ. ಎರಡು ವರ್ಷದ ಹಿಂದೆ ಅಡಿಕೆ ಕೊನೆ ಕೊಯ್ಯುವಾಗ ನಮ್ಮೂರಿನ ಒಬ್ಬರು ಮರದಿಂದ ಬಿದ್ದು ತೀರಿಕೊಂಡರು. ತಿಂಗಳ ಮೇಲೆ ಅವರ ಹೆಂಡತಿ ಪಾಸ್‌ಬುಕ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಖಾತೆಯಲ್ಲಿ ಸಾವಿರ ಚಿಲ್ಲರೆ ಇತ್ತು, ಅದನ್ನು ಹೇಗೆ ತೆಗೆಯುವುದು ಅಂತ ಕೇಳಲು ಬಂದಿದ್ದರು. ಪಾಸ್‌ಬುಕ್ಕಿನ ಹಾಳೆ ಮಳೆಗೆ ನೆಂದು ಒಂದಕ್ಕೊಂದು ಅಂಟಿಕೊಂಡಿತ್ತು. ಬಿಡಿಸಿ ನೋಡಿದರೆ ಮೇ ತಿಂಗಳ ಸಾಲಿನಲ್ಲಿ 20 ರೂಪಾಯಿ ಕಡಿತ. "ಅದಾ? ಬ್ಯಾಂಕಿನವರು ಸುಮ್ನೆ ಹಿಡೀತಾರೆ ಅಂತ ಇವರು ಬೈತಾ ಇದ್ರು" ಅಂದರು. ಆ ಇಪ್ಪತ್ತು ರೂಪಾಯಿ ಯಾತಕ್ಕೆ ಅಂತ ಗಂಡನಿಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ. ಖಾತೆ ತೆರೆಯುವ ದಿನ ಹತ್ತು ಕಾಗದದ ಜೊತೆ ಇದಕ್ಕೂ ಸಹಿ ಹಾಕಿಸಿಕೊಂಡಿದ್ದರು, ಅಷ್ಟೇ.

ಬಿದ್ದ ತಕ್ಷಣ ತಾಲ್ಲೂಕು ಆಸ್ಪತ್ರೆಗೆ ಒಯ್ದಿದ್ದರು. ಅಲ್ಲಿನ ಕಾಗದವೇ ಕೈಹಿಡಿಯಿತು. ಮರದಿಂದ ಬಿದ್ದದ್ದು, ಹಾವು ಕಚ್ಚಿದ್ದು ಇಂಥದ್ದಕ್ಕೆ ಆಸ್ಪತ್ರೆಯ ದಾಖಲೆ ಬೇಕೇ ಬೇಕು. ರಸ್ತೆ ಅಪಘಾತ, ನೀರಿಗೆ ಬಿದ್ದದ್ದು ಆದರೆ ಪೊಲೀಸ್ ದೂರು ಆಗಿರಬೇಕು. ಆದರೆ ನಾಮಿನಿ ಜಾಗದಲ್ಲಿ ತೀರಿಕೊಂಡವರ ತಾಯಿಯ ಹೆಸರಿತ್ತು, ಆ ತಾಯಿ ಹೋಗಿ ಆಗಲೇ ಆರು ವರ್ಷ. ವಾರಸುದಾರರು ಯಾರು ಅಂತ ತೋರಿಸುವ ಕಾಗದಕ್ಕೆ ಆ ಹೆಂಗಸು ಕೂಲಿ ಬಿಟ್ಟು ಎಷ್ಟು ಸಲ ನಾಡಕಚೇರಿಗೆ ಹೋದರೋ! ಕೊನೆಗೆ ದುಡ್ಡು ಬಂತು. ಆದರೆ ಅವತ್ತು ಅವರು ಪಾಸ್‌ಬುಕ್ ತರದೇ ಇದ್ದಿದ್ದರೆ? ನನಗೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಬಡವರಿಗೆ ವಿಮೆಯ ಬೆಲೆ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಅನುಭವದಲ್ಲಿ ಬೆಲೆಗಿಂತ ದೊಡ್ಡ ತೊಡಕು ಮೇ ತಿಂಗಳು. ನಮ್ಮ ಕಡೆ ಅಡಿಕೆ ಕೊಯ್ಲಿನ ಕೂಲಿ ಆಗ ಮುಗಿದಿರುತ್ತದೆ, ಮುಂದೆ ಮಕ್ಕಳ ಪುಸ್ತಕ, ಬ್ಯಾಗು. ಖಾತೆ ಖಾಲಿ. ಕಡಿತ ಆಗುವುದಿಲ್ಲ, ವಿಮೆ ನಿಂತುಹೋಗುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಜೀವನ್ ಜ್ಯೋತಿಗೆ ಮತ್ತೆ ಸೇರಿದರೆ ಮೊದಲ 30 ದಿನ ಅಪಘಾತದ ಸಾವು ಬಿಟ್ಟು ಬೇರೆಯದಕ್ಕೆ ದುಡ್ಡಿಲ್ಲ. ಕೂಲಿ ಕೈಗೆ ಬರುವ ತಿಂಗಳಲ್ಲಿ ಕಡಿತ ಮಾಡಿದ್ದರೆ ಎಷ್ಟೋ ವಿಮೆ ಉಳಿಯುತ್ತಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ನೀವು ನಿಜವಾಗಿ ಸಹಾಯ ಮಾಡಬೇಕು ಅಂತಿದ್ದರೆ ಮೇ ಎರಡನೇ ವಾರದಲ್ಲಿ ಅವರ ಖಾತೆಗೆ ಐನೂರು ರೂಪಾಯಿ ಹಾಕಿ. ನಾಮಿನಿ ಯಾರು ಅಂತ ಅವರ ಜೊತೆ ಬ್ಯಾಂಕಿಗೆ ಹೋಗಿ ಕೇಳಿ. ಅವರ ಮಗಳನ್ನೋ ಮಗನನ್ನೋ ಕೂರಿಸಿಕೊಂಡು, ಅಮ್ಮನ ಹೆಸರಲ್ಲಿ ಇಂಥ ಬ್ಯಾಂಕಿನಲ್ಲಿ ಇಂಥ ವಿಮೆ ಇದೆ ಅಂತ ಹೇಳಿ. ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಅವರ ಮೊಬೈಲಿನಲ್ಲಿ ಇರಲಿ. ಏನಾದರೂ ಆದರೆ 30 ದಿನದೊಳಗೆ ಅರ್ಜಿ ಕೊಡಬೇಕು. ತಡವಾಯಿತು ಅಂತ ಸುಮ್ಮನಿರಬೇಡಿ, ಆಗಲೂ ಕೊಡಿ.

ಆಸ್ಪತ್ರೆ ಖರ್ಚು ಇವೆರಡರಲ್ಲಿ ಬರುವುದಿಲ್ಲ, ಅದು ಬೇರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕಂತು ಕಟ್ಟಬೇಕಿಲ್ಲ. ನಮ್ಮ ಹಳ್ಳಿ ಕಡೆ ಯಶಸ್ವಿನಿಯನ್ನು, ಅಂದರೆ ಸಹಕಾರಿ ಸೊಸೈಟಿ ಸದಸ್ಯರ ಆರೋಗ್ಯ ವಿಮೆಯನ್ನು, ಜನ ಇನ್ನೂ ನೆನೆಯುತ್ತಾರೆ. 2003ರಲ್ಲಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. ಸೊಸೈಟಿಯ ಸೆಕ್ರೆಟರಿಯೇ ಹೆಸರು ಬರೆದುಕೊಳ್ಳುತ್ತಿದ್ದರು, ಗುರುತಿನ ಮುಖ, ಹಾಗಾಗಿ ಜನ ನಂಬಿದರು.

ಒಂದು ಮಾತು ಬಿಟ್ಟೆ. ಜೀವನ್ ಜ್ಯೋತಿಗೆ 50 ತುಂಬುವುದರೊಳಗೆ ಸೇರಿರಬೇಕು, ಸುರಕ್ಷಾಗೆ 70ರವರೆಗೂ ಆಗುತ್ತದೆ. ಅಕ್ಕನ ವಯಸ್ಸು ಎಷ್ಟು ಅಂತ ನೀವು ಬರೆದಿಲ್ಲ. ಆಧಾರ್‌ನಲ್ಲಿ ಯಾವ ತಾರೀಕು ಹಾಕಿದ್ದಾರೆ ಅಂತ ನಾಳೆ ಕೆಲಸಕ್ಕೆ ಬಂದಾಗ ನೋಡಿ.