ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಎಲ್ಲರೂ ಮರೆತ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ತಂಡದ ದಾಳಿ ನಡೆಸುವ ಆಟಗಾರರು, ಯಾರು?

1994ರ ತಂಡವನ್ನೇ ನೋಡಿ. 13 ಪಂದ್ಯ, 13 ಗೆಲುವು, ಕೋಚ್ ಟಾಮ್ ಓಸ್ಬೋರ್ನ್‌ಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ. ಹೆಸರು ಉಳಿದದ್ದು ಮುಖ್ಯ ಕ್ವಾರ್ಟರ್‌ಬ್ಯಾಕ್ ಟಾಮಿ ಫ್ರೇಜಿಯರ್‌ದು. ಆದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಆತ ಹೆಚ್ಚಿನ ಪಂದ್ಯಗಳಿಗೆ ಇರಲೇ ಇಲ್ಲ. ತಂಡವನ್ನು ದಡ ಸೇರಿಸಿದವನು ಬದಲಿ ಕ್ವಾರ್ಟರ್‌ಬ್ಯಾಕ್ ಬ್ರೂಕ್ ಬೆರಿಂಜರ್.

ವಯೋಮಿಂಗ್ ವಿರುದ್ಧದ ಪಂದ್ಯದಲ್ಲಿ ಅವನ ಶ್ವಾಸಕೋಶವೇ ಕುಸಿಯಿತು. ನೆಬ್ರಾಸ್ಕಾದ ಆಪ್ಷನ್ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಎದುರಾಳಿಯ ಮೇಲೇ ಓಡಿ, ಕೊನೇ ಕ್ಷಣದಲ್ಲಿ ಪಕ್ಕದವನಿಗೆ ಎಸೆಯಬೇಕು, ಇಲ್ಲವೇ ತಾನೇ ಓಡಬೇಕು. ಎಸೆದ ಮೇಲೂ ಏಟು ತಪ್ಪದು. ಅಂಥ ಎದೆ ಇಟ್ಟುಕೊಂಡು ಆಡುವುದು ಅಪಾಯ. ಹಾಗಾಗಿ ಕ್ಯಾನ್ಸಸ್ ಸ್ಟೇಟ್ ಪಂದ್ಯವನ್ನು ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರಿದ್ದ ಮ್ಯಾಟ್ ಟರ್ಮನ್ ಆರಂಭಿಸಿದ. ಚೆಂಡನ್ನು ಹೆಚ್ಚಾಗಿ ಓಟಗಾರ ಲಾರೆನ್ಸ್ ಫಿಲಿಪ್ಸ್‌ಗೆ ಕೊಟ್ಟು 17-6ರಲ್ಲಿ ಗೆದ್ದರು. ಈ ಪಂದ್ಯ ಸೋತಿದ್ದರೆ ಆ ಅಜೇಯ ದಾಖಲೆಯೇ ಇಲ್ಲ. ಟರ್ಮನ್ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಋತುವಿನ ಕೊನೆಯಲ್ಲಿ ಮಯಾಮಿ ವಿರುದ್ಧ ನಡೆದ ಆರೆಂಜ್ ಬೌಲ್ ಪಂದ್ಯದಲ್ಲಿ ನೆಬ್ರಾಸ್ಕಾದ ಮೊದಲ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕ) ಪಾಸ್ ಬೆರಿಂಜರ್‌ದು, 19 ಗಜ, ಮಾರ್ಕ್ ಗಿಲ್ಮನ್‌ಗೆ. ಕೊನೆಯ ಕ್ವಾರ್ಟರ್‌ನಲ್ಲಿ ಫ್ರೇಜಿಯರ್ ಮರಳಿ 24-17ಕ್ಕೆ ಪಂದ್ಯ ಮುಗಿಸಿದ, ನೆನಪು ಅವನಿಗೇ ಅಂಟಿತು. ಬೆರಿಂಜರ್ 1996ರ ಏಪ್ರಿಲ್ 18ರಂದು, ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಎರಡು ದಿನ ಮುಂಚೆ, ವಿಮಾನ ಅಪಘಾತದಲ್ಲಿ ತೀರಿಕೊಂಡ. ಲಿಂಕನ್‌ನ ಮೆಮೋರಿಯಲ್ ಸ್ಟೇಡಿಯಂ ಹೊರಗೆ ಓಸ್ಬೋರ್ನ್ ಜೊತೆ ಅವನ ಪ್ರತಿಮೆ ಇದೆ.