ಇಷ್ಟೊಂದು ತಟ್ಟೆ ಬಂದರೆ ಮೊದಲು ಯಾವುದಕ್ಕೆ ಕೈ ಹಾಕೋದು?

ಹೋದ ಸಂಚಿಕೆಯಲ್ಲಿ ಲೆಬನಾನ್ ಊಟದ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬೈರೂತ್‌ನಲ್ಲಿ ಆರು ವರ್ಷ ಸಂಸಾರ ಮಾಡಿದವಳು ನಾನು. ಆ ಮೆಜ್ಜೆಯ, ಅಂದರೆ ಸಣ್ಣ ಸಣ್ಣ ತಟ್ಟೆಗಳಲ್ಲಿ ಸಾಲಾಗಿ ಬರುವ ಊಟದ, ಮಾತು ತೆಗೆದರೆ ಬೇಗ ನಿಲ್ಲಿಸುವವಳಲ್ಲ, ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಬೈರೂತ್‌ಗೆ ವರ್ಗವಾಗಿ ಎರಡು ತಿಂಗಳಾಯಿತು. ಬಂದ ಹೊಸದರಲ್ಲೇ ಅವರ ಜೊತೆ ಕೆಲಸ ಮಾಡುವವರು ಭಾನುವಾರದ ಊಟಕ್ಕೆ ಅಂತ ಝಹ್ಲೆಗೆ ಕರೆದುಕೊಂಡು ಹೋದರು. ಟೇಬಲ್ ಮೇಲೆ ಜಾಗವೇ ಇಲ್ಲದಷ್ಟು ತಟ್ಟೆ ಬಂದವು. ಇದೇ ಊಟ ಅಂದುಕೊಂಡು ಹೊಟ್ಟೆ ಬಿರಿಯೆ ತಿಂದೆವು. ಆಮೇಲೆ ಬಿಸಿ ತಟ್ಟೆಗಳು, ಅದಾದ ಮೇಲೆ ಕೆಂಡದಲ್ಲಿ ಸುಟ್ಟ ಮಾಂಸ! ಮುಟ್ಟಲೂ ಆಗಲಿಲ್ಲ. ಕರೆದವರಿಗೆ ಬೇಜಾರಾಗಿರಬಹುದು. ತಪ್ಪು ಎಲ್ಲಾಯಿತು ಮೇಡಂ?

ಉತ್ತರ: ರೊಟ್ಟಿಯಲ್ಲಿ! ನಾನೂ ಇದೇ ಹಳ್ಳಕ್ಕೆ ಬಿದ್ದವಳು. ಮೊದಲ ಸಲ ಹೋದಾಗ ಅರ್ಧ ಗಂಟೆಯಲ್ಲಿ ಎರಡು ರೊಟ್ಟಿ, ಒಂದು ತಟ್ಟೆ ಕಡಲೆ ರುಬ್ಬಿದ ಹಮ್ಮುಸ್ ಮುಗಿಸಿ ಕೈ ತೊಳೆಯಲು ಎದ್ದೆ. ಪಕ್ಕದಲ್ಲಿದ್ದ ಹೆಂಗಸು ಸೆರಗು ಹಿಡಿದು ಕೂರಿಸಿ, ಎಲ್ಲಿಗೆ ಹೊರಟೆ, ಇನ್ನೂ ಶುರುವೇ ಆಗಿಲ್ಲ ಅಂದರು.

ಅಲ್ಲಿ ಕೂತ ತಕ್ಷಣ ಬರುವುದು ಕಬೀಸ್, ಅಂದರೆ ಉಪ್ಪುನೀರು ವಿನಿಗರ್‌ನಲ್ಲಿ ನೆನೆಹಾಕಿದ ತರಕಾರಿ. ಅದರಲ್ಲಿ ಗುಲಾಬಿ ಬಣ್ಣದ್ದು ಟರ್ನಿಪ್, ಜಾಡಿಗೆ ಬೀಟ್‌ರೂಟ್ ಚೂರು ಹಾಕಿರುವುದರಿಂದ ಆ ಬಣ್ಣ. ಪಕ್ಕದಲ್ಲಿ ಹೆಚ್ಚದೆ ಇಡಿಯಾಗಿ ಇಟ್ಟ ಟೊಮೆಟೊ, ಸೌತೆಕಾಯಿ, ಪುದೀನ. ವಸಂತ ಕಾಲವಾದರೆ ಹಸಿ ಬಾದಾಮಿಕಾಯಿ, ಉಪ್ಪಿಗೆ ಅದ್ದಿ ಸಿಪ್ಪೆ ಸಮೇತ ಕಚ್ಚುವುದು, ಹುಳಿ ಹುಳಿ. ನಂತರ ತಣ್ಣನೆಯ ತಟ್ಟೆಗಳು ಬರುತ್ತವೆ: ಹಮ್ಮುಸ್, ಸುಟ್ಟ ಬದನೆಕಾಯಿಯ ಮುತಬ್ಬಲ್, ಪಾರ್ಸ್ಲಿ ಸೊಪ್ಪಿನ ತಬ್ಬೂಲೆ, ನೀರು ಬಸಿದ ಗಟ್ಟಿ ಮೊಸರಿನ ಲಬ್ನೆ, ದ್ರಾಕ್ಷಿ ಎಲೆಯ ಸುರುಳಿ. ಅದು ಅರ್ಧ ಖಾಲಿಯಾಗುವ ಹೊತ್ತಿಗೆ ಬಿಸಿಯದು, ಅಂದರೆ ಚೀಸ್ ತುಂಬಿ ಕರಿದ ರಕಾಕಾತ್, ಪಾಲಕ್ ತುಂಬಿದ ಫತಾಯರ್, ಮಾಂಸ ಮತ್ತು ಗೋಧಿ ನುಚ್ಚು ಕುಟ್ಟಿ ಮಾಡಿದ ಕಿಬ್ಬೆ, ಬೆಳ್ಳುಳ್ಳಿ ಕೊತ್ತಂಬರಿ ಹಾಕಿ ಹುರಿದ ಖಾರದ ಆಲೂಗಡ್ಡೆ, ಇವೆಲ್ಲ. ಮಾಂಸದ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ, ಕೊನೆಗೆ ಹಣ್ಣು. ಭಾನುವಾರದ ಊಟ ಮೂರು ಗಂಟೆ ಎಳೆದರೂ ಯಾರೂ ಗಡಿಯಾರ ನೋಡುವುದಿಲ್ಲ.

ಇಷ್ಟು ಹೊತ್ತು ತಡೆದುಕೊಳ್ಳಬೇಕಾದರೆ ರೊಟ್ಟಿಯನ್ನು ಚಮಚದ ಹಾಗೆ ಬಳಸಬೇಕು. ಅಲ್ಲಿಯವರ ಕೈ ಗಮನಿಸಿ. ಎರಡು ಬೆರಳಗಲದ ಚೂರು ಹರಿದು, ಅದನ್ನು ದೋಣಿಯ ಹಾಗೆ ಮಡಚಿ, ತಟ್ಟೆಯ ಅಂಚಿನಿಂದ ಸ್ವಲ್ಪ ಬಳಿದುಕೊಂಡು ಬಾಯಿಗೆ ಹಾಕಿದರೆ ಮತ್ತೆ ಐದು ನಿಮಿಷ ಬರೀ ಮಾತು. ತಬ್ಬೂಲೆಗೆ ರೊಟ್ಟಿಯೂ ಇಲ್ಲ, ಲೆಟ್ಯೂಸ್ ಎಲೆಯಲ್ಲೋ ಎಳೆ ಕೋಸಿನ ಎಲೆಯಲ್ಲೋ ತುಂಬಿಕೊಂಡು ತಿನ್ನುತ್ತಾರೆ.

ಬೇಜಾರಿನ ಚಿಂತೆ ಬಿಡಿ. ಟೇಬಲ್ ಮೇಲೆ ಊಟ ಉಳಿಯಲೇಬೇಕು ಅಲ್ಲಿ, ಎಲ್ಲ ಖಾಲಿಯಾದರೆ ಸಾಕಾಗಲಿಲ್ಲವೇನೋ ಅಂತ ಕರೆದವರಿಗೆ ಅಳುಕು. ನಿಮ್ಮ ತಟ್ಟೆ ಖಾಲಿ ಕಂಡರೆ ಮತ್ತೆ ಬಡಿಸುತ್ತಾರೆ, ಆದ್ದರಿಂದ ಒಂದು ತುತ್ತು ಹಾಗೇ ಬಿಟ್ಟಿರಿ. ಅವರು ‘ಸಹ್ತೇನ್’ ಅಂದರೆ ನಿಮಗೆ ಎರಡೆರಡು ಆರೋಗ್ಯ ಸಿಗಲಿ ಅಂತ ಅರ್ಥ. ಅದಕ್ಕೆ ಗಂಡಸರಿಗಾದರೆ ‘ಅಲಾ ಅಲ್ಬಕ್’, ಹೆಂಗಸರಿಗಾದರೆ ‘ಅಲಾ ಅಲ್ಬಿಕ್’ ಅನ್ನಿ, ನಿಮ್ಮ ಹೃದಯಕ್ಕೂ ಅಂತ. ಇಷ್ಟು ಹೇಳಿದರೆ ಸಾಕು, ಮಾಂಸ ಮುಟ್ಟದ ತಪ್ಪು ಮಾಫಿ.

ಅಂದ ಹಾಗೆ ಮೊದಲ ಸಲಕ್ಕೇ ಝಹ್ಲೆಗೆ ಹೋದಿರಲ್ಲ, ಅದೃಷ್ಟ ನಿಮ್ಮದು. ಬೆಕಾ ಕಣಿವೆಯ ಆ ಊರಿಗೆ 2013ರಲ್ಲಿ ಯುನೆಸ್ಕೊ ಅಡುಗೆಯ ಸೃಜನಶೀಲ ನಗರ ಅಂತ ಪಟ್ಟ ಕೊಟ್ಟಿದೆ. ಬರ್ದೌನಿ ಹೊಳೆಯ ಪಕ್ಕ ಸಾಲಾಗಿ ಹೋಟೆಲುಗಳು, ನೀರಿನ ಸದ್ದು ಕೇಳುತ್ತಾ ಊಟ. ಇನ್ನೊಮ್ಮೆ ಹೋಗಿ, ಬೆಳಿಗ್ಗೆ ತಿಂಡಿ ತಿನ್ನದೆ ಹೋಗಿ.

ಪ್ರಶ್ನೆ: ನಾವು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಲೆಬನಾನ್‌ನಲ್ಲಿ ಇರಬೇಕಾಗಿದೆ. ಬರೀ ಹಮ್ಮುಸ್ ತಿಂದುಕೊಂಡು ಇರಬೇಕಾ?

ಉತ್ತರ: ಅಯ್ಯೋ, ಖಂಡಿತ ಇಲ್ಲ. ಮೆನು ನೋಡಿದರೆ ಕುರಿ, ಕೋಳಿಯದೇ ದರ್ಬಾರು ಅನ್ನಿಸುತ್ತದೆ, ಆದರೆ ಆ ದೇಶದ ಮನೆ ಅಡುಗೆಯಲ್ಲಿ ಕಾಳು, ಸೊಪ್ಪು, ಎಣ್ಣೆಯದೇ ಒಂದು ಲೋಕ ಇದೆ. ಕಾರಣ ಉಪವಾಸ. ಅಲ್ಲಿನ ಕ್ರೈಸ್ತರು ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಉಪವಾಸ ಹಿಡಿಯುತ್ತಾರೆ. ಕಟ್ಟುನಿಟ್ಟಾಗಿ ಮಾಡುವವರು ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಎಲ್ಲ ಬಿಡುತ್ತಾರೆ. ಅಷ್ಟು ದಿನ ಸಪ್ಪೆ ತಿಂದುಕೊಂಡು ಇರುವ ಜನ ಅಲ್ಲ ಅವರು! ಹಾಗಾಗಿ ಪ್ರತಿಯೊಂದಕ್ಕೂ ಒಂದು ಸಸ್ಯಾಹಾರದ ಜೋಡಿ ಕಟ್ಟಿಟ್ಟಿದ್ದಾರೆ. ಮಾಂಸದ ಕಿಬ್ಬೆಗೆ ಬದಲು ಸಿಹಿಗುಂಬಳದ ಕಿಬ್ಬೆ. ಕುಂಬಳಕಾಯಿ ಬೇಯಿಸಿ, ನೀರು ಹಿಂಡಿ, ಬುರ್ಗುಲ್, ಅಂದರೆ ಬೇಯಿಸಿ ಒಣಗಿಸಿದ ಗೋಧಿಯ ನುಚ್ಚಿನ ಜೊತೆ ನಾದಿ, ಒಳಗೆ ಸೊಪ್ಪು, ಈರುಳ್ಳಿ, ಕಡಲೆ ತುಂಬಿದ್ದು. ನಿಜ ಹೇಳ್ತೀನಿ, ಮಾಂಸದ ಕಿಬ್ಬೆಗಿಂತ ನನಗೆ ಇದೇ ಇಷ್ಟ.

ಒಂದೇ ಒಂದು ಮಾತು ಬಾಯಿಪಾಠ ಮಾಡಿ: ‘ಬಿ ಝೇತ್’. ಎಣ್ಣೆಯಲ್ಲಿ ಮಾಡಿದ್ದು ಅಂತ ಅರ್ಥ. ಹೆಸರಿನ ಕೊನೆಗೆ ಇದಿದ್ದರೆ ಆಲಿವ್ ಎಣ್ಣೆಯಲ್ಲಿ ಮಾಡಿದ, ಮಾಂಸವಿಲ್ಲದ ಪದಾರ್ಥ. ಲೂಬ್ಯೆ ಬಿ ಝೇತ್ ಅಂದರೆ ಟೊಮೆಟೊ ಹಾಕಿ ಮೆತ್ತಗೆ ಬೇಯಿಸಿದ ಹುರುಳಿಕಾಯಿ. ಹಿಂದ್ಬೆ ಬಿ ಝೇತ್ ಅಂದರೆ ಕಹಿ ಸೊಪ್ಪು, ಮೇಲೆ ಕಂದು ಬಣ್ಣ ಬರುವವರೆಗೆ ಹುರಿದ ಈರುಳ್ಳಿ. ದ್ರಾಕ್ಷಿ ಎಲೆಯ ಸುರುಳಿಯಲ್ಲೂ ಎರಡು ಜಾತಿ ಇದೆ. ತಣ್ಣಗೆ ಬರುವ ಬಿ ಝೇತ್‌ನಲ್ಲಿ ಅಕ್ಕಿ, ಟೊಮೆಟೊ, ಸೊಪ್ಪು ಮಾತ್ರ. ಬಿಸಿಯಾಗಿ ಬಂದರೆ ಒಳಗೆ ಸಾಮಾನ್ಯವಾಗಿ ಕೀಮಾ, ಕೇಳದೆ ಮುಟ್ಟಬೇಡಿ. ಮಸೂರ್, ಅಕ್ಕಿ, ಹುರಿದ ಈರುಳ್ಳಿಯ ಮುಜದ್ದರಾ ಸಿಕ್ಕಿದರೆ ಮೊಸರಿನ ಜೊತೆ ತಿನ್ನಿ, ಹೊಟ್ಟೆಗೆ ತಂಪು.

ಎಡವುವುದು ಎಲ್ಲಿ ಅಂದರೆ, ‘ಬಲಾ ಲಹ್ಮೆ’, ಅಂದರೆ ಮಾಂಸ ಇಲ್ಲದೆ, ಅಂತ ಮಾತ್ರ ಹೇಳಿದಾಗ. ಲಹ್ಮೆ ಅಂದರೆ ಅವರ ಲೆಕ್ಕದಲ್ಲಿ ಕುರಿ, ದನದ ಮಾಂಸ. ಪಾಪ, ನಗುನಗುತ್ತಾ ಕೋಳಿ ತಂದಿಟ್ಟುಬಿಡುತ್ತಾರೆ. ಕೋಳಿ, ಮೀನು ಬೇಡ ಅಂತ ಬಿಡಿಸಿ ಹೇಳಿ. ಹಮ್ಮುಸ್ ಮೇಲೂ ಕೆಲವು ಕಡೆ ಹುರಿದ ಮಾಂಸ ಉದುರಿಸುತ್ತಾರೆ, ಬೇಳೆ ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕುವುದೂ ಉಂಟು. ಬೆಳಗಿನ ತಿಂಡಿಗೆ ಮಾತ್ರ ಯೋಚನೆಯೇ ಬೇಡ. ಬೀದಿ ಬೀದಿಯಲ್ಲಿ ಫುರ್ನ್ ಅಂತ ಒಲೆ ಅಂಗಡಿ ಇರುತ್ತವೆ. ಅಲ್ಲಿ ಕಾಡು ಥೈಮ್ ಸೊಪ್ಪು, ಎಳ್ಳು ಸೇರಿದ ಝಾತರ್ ಪುಡಿಗೆ ಎಣ್ಣೆ ಕಲಸಿ ಹಿಟ್ಟಿನ ಮೇಲೆ ಸವರಿ ಸುಟ್ಟ ಮನೂಶೆ ಕೊಡುತ್ತಾರೆ. 2023ರಲ್ಲಿ ಯುನೆಸ್ಕೊ ಪಾರಂಪರಿಕ ಪಟ್ಟಿಗೆ ಸೇರಿದ್ದು ಇದೇ ಮನೂಶೆ. ಬಿಸಿ ಇರುವಾಗಲೇ ಟೊಮೆಟೊ, ಪುದೀನ ಇಟ್ಟು ಸುರುಳಿ ಸುತ್ತಿಸಿಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಮಾಡಿದ ಹಮ್ಮುಸ್ ತರಿತರಿಯಾಗಿ ಬರುತ್ತದೆ. ಮಿಕ್ಸಿ ಸರಿಯಿಲ್ಲವಾ?

ಉತ್ತರ: ಮಿಕ್ಸಿ ಮೇಲೆ ಯಾಕೆ ಕೋಪ, ಕಡಲೆ ಬೆಂದಿಲ್ಲ ಅಷ್ಟೆ. ಕಾಬೂಲಿ ಕಡಲೆಯನ್ನು ಹಿಂದಿನ ರಾತ್ರಿ ಚಿಟಿಕೆ ಅಡುಗೆ ಸೋಡ ಹಾಕಿ ನೆನೆಸಿ, ಬೆಳಿಗ್ಗೆ ತೊಳೆದು ಬೇಯಿಸಿ. ಎಷ್ಟು ಬೇಯಬೇಕು ಅಂದರೆ, ಎರಡು ಬೆರಳಲ್ಲಿ ಹಿಡಿದರೆ ಒತ್ತುವ ಮೊದಲೇ ಬೆಣ್ಣೆಯ ಹಾಗೆ ಕೂತುಬಿಡಬೇಕು. ಕಾಳು ಬಿಡಿಬಿಡಿಯಾಗಿ ಚೆನ್ನಾಗಿ ಕಾಣುತ್ತಿದೆ ಅಂದರೆ ಇನ್ನೂ ಬೆಂದಿಲ್ಲ ಅಂತಲೇ ಅರ್ಥ. ನೀರಿನ ಮೇಲೆ ತೇಲುವ ಸಿಪ್ಪೆ ತೆಗೆದುಹಾಕಿ. ಬಿಸಿ ಇರುವಾಗಲೇ ಕಡಲೆ ಮಾತ್ರ ರುಬ್ಬಿ, ಆಮೇಲೆ ಎಳ್ಳು ರುಬ್ಬಿದ ತಾಹಿನಿ, ನಿಂಬೆರಸ, ಉಪ್ಪು ಹಾಕಿ. ನಿಂಬೆ ಬಿದ್ದ ಕೂಡಲೆ ತಾಹಿನಿ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ, ಹೆದರಬೇಡಿ, ಐಸ್ ನೀರು ಒಂದೊಂದೇ ಚಮಚ ಬಿಡುತ್ತಾ ಹೋದರೆ ಬಣ್ಣ ತಿಳಿಯಾಗಿ ಸಡಿಲವಾಗುತ್ತದೆ. ಬೆಳ್ಳುಳ್ಳಿ ಬೇಕಾದರೆ ಸ್ವಲ್ಪ. ಜೀರಿಗೆ ಅದು ಇದು ಹಾಕುವ ಚಟ ನನಗೂ ಇತ್ತು, ಪಕ್ಕದ ಮನೆ ಅಜ್ಜಿ ರುಚಿ ನೋಡಿ ಮುಖ ಸಿಂಡರಿಸಿದ ಮೇಲೆ ಬಿಟ್ಟೆ.

ಹಮ್ಮುಸ್ ಅಲ್ಲಿ ಬರೀ ಊಟವಲ್ಲ, ದೇಶದ ಮಾನದ ವಿಷಯ. ಇಸ್ರೇಲ್ ಜೊತೆ ದಾಖಲೆಯ ಪೈಪೋಟಿ ನಡೆದಾಗ 2010ರಲ್ಲಿ ಲೆಬನಾನ್‌ನವರು ಒಂದೇ ತಟ್ಟೆಯಲ್ಲಿ 10,452 ಕಿಲೋ ಹಮ್ಮುಸ್ ಮಾಡಿಟ್ಟರು. ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರ್, ಅದಕ್ಕೆ ಸರಿಯಾಗಿ ಅಷ್ಟೇ ಕಿಲೋ!

ಪ್ರಶ್ನೆ: ಮುತಬ್ಬಲ್ ಮತ್ತು ಬಾಬಾ ಘನ್ನೂಜ್ ಒಂದೇ ಅಲ್ವಾ?

ಉತ್ತರ: ಎರಡಕ್ಕೂ ಬದನೆಕಾಯಿಯನ್ನು ಬೆಂಕಿಯಲ್ಲಿ ಸಿಪ್ಪೆ ಕಪ್ಪಾಗುವಂತೆ ಸುಡಬೇಕು. ತಾಹಿನಿ ಹಾಕಿ ಬೆಳ್ಳಗೆ ನುಣ್ಣಗೆ ಮಾಡಿದರೆ ಲೆಬನಾನ್‌ನಲ್ಲಿ ಅದು ಮುತಬ್ಬಲ್. ತಾಹಿನಿ ಇಲ್ಲದೆ ಟೊಮೆಟೊ, ಈರುಳ್ಳಿ, ಸೊಪ್ಪು, ದಾಳಿಂಬೆಯ ಹುಳಿ ಪಾಕ ಹಾಕಿ ಒರಟಾಗಿ ಕಲಸಿದ್ದನ್ನು ಬಾಬಾ ಘನ್ನೂಜ್ ಅನ್ನುವವರು ಜಾಸ್ತಿ. ಹೊರದೇಶದ ಹೋಟೆಲುಗಳಲ್ಲಿ ಈ ಹೆಸರುಗಳು ಅದಲು ಬದಲಾಗಿವೆ, ಜಗಳ ಮಾಡಿ ಉಪಯೋಗವಿಲ್ಲ.

ಪ್ರಶ್ನೆ: ತಬ್ಬೂಲೆ ಮಾಡಿದೆ, ಉಪ್ಪಿಟ್ಟಿನ ಹಾಗಾಯಿತು. ನಗಬೇಡಿ.

ಉತ್ತರ: ನಕ್ಕೆ, ಕ್ಷಮಿಸಿ. ಬುರ್ಗುಲ್ ಜಾಸ್ತಿಯಾಗಿದೆ. ತಬ್ಬೂಲೆ ಅಂದರೆ ಪಾರ್ಸ್ಲಿ ಸೊಪ್ಪು, ಅದರ ನಡುವೆ ಅಲ್ಲೊಂದು ಇಲ್ಲೊಂದು ಗೋಧಿಯ ಕಾಳು ಕಾಣಬೇಕು ಅಷ್ಟೆ. ಪಕ್ಕದ ಮನೆ ಅಜ್ಜಿ, ಅಲ್ಲಿಯ ಮಾತಲ್ಲಿ ತೇತಾ, ಸೊಪ್ಪು ತೊಳೆದು ಬಟ್ಟೆ ಮೇಲೆ ಹರವಿ ಪೂರ್ತಿ ಒಣಗುವವರೆಗೆ ಚಾಕು ಮುಟ್ಟುತ್ತಿರಲಿಲ್ಲ. ಆಮೇಲೆ ಕಟ್ಟನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಕೂದಲೆಳೆಯ ಹಾಗೆ ಒಂದೇ ಸಲ ಹೆಚ್ಚುವುದು. ಹೆಚ್ಚಿದ್ದರ ಮೇಲೆ ಮತ್ತೆ ಚಾಕು ಆಡಿಸಿದರೆ ಸೊಪ್ಪು ನೀರು ಬಿಟ್ಟು ಕಪ್ಪಾಗುತ್ತದೆ ಅಂತ ನನಗೆ ಎಷ್ಟು ಸಲ ಬೈದಿದ್ದಾರೋ! ಸಣ್ಣ ಬುರ್ಗುಲ್ ಒಂದು ಹಿಡಿ ಸಾಕು, ನೀರಲ್ಲಿ ನೆನೆಸುವುದೂ ಬೇಡ, ಟೊಮೆಟೊ ಮತ್ತು ನಿಂಬೆಯ ರಸವನ್ನೇ ಕುಡಿದು ಮೆತ್ತಗಾಗುತ್ತದೆ. ಅಲ್ಲಿ ಜುಲೈ ತಿಂಗಳ ಮೊದಲ ಶನಿವಾರವನ್ನು ತಬ್ಬೂಲೆ ದಿನ ಅಂತಲೇ ಆಚರಿಸುತ್ತಾರೆ, ಆ ದಿನ ಉಪ್ಪಿಟ್ಟು ಮಾಡಿಟ್ಟೀರಿ ಜೋಕೆ.

ಪ್ರಶ್ನೆ: ಅಲ್ಲಿ ಅರಕ್ ಕುಡಿಯಲು ಕೊಟ್ಟರು. ನಾನು ಮೊದಲು ಐಸ್ ಹಾಕಿದೆ, ಎಲ್ಲರೂ ಹೌಹಾರಿದರು. ಯಾಕೆ?

ಉತ್ತರ: ಅರಕ್ ದ್ರಾಕ್ಷಿಯಿಂದ ಬಟ್ಟಿ ಇಳಿಸಿ, ಸೋಂಪಿನ ಸುವಾಸನೆ ಕಟ್ಟಿದ ಮದ್ಯ. ಆ ಸೋಂಪಿನ ಎಣ್ಣೆ ಮದ್ಯದಲ್ಲಿ ಕರಗುತ್ತದೆ, ನೀರಲ್ಲಿ ಕರಗುವುದಿಲ್ಲ. ನೀರು ಬಿದ್ದ ಕೂಡಲೆ ಸಣ್ಣ ಸಣ್ಣ ಹನಿಗಳಾಗಿ ಬಿಡಿಸಿಕೊಳ್ಳುತ್ತದೆ, ಹಾಗಾಗಿ ಲೋಟ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಮೊದಲೇ ಐಸ್ ಹಾಕಿದರೆ ಆ ಎಣ್ಣೆ ತಣ್ಣಗಾಗಿ ಮೇಲೆ ಪೊರೆ ಕಟ್ಟುತ್ತದೆ. ಕ್ರಮ ಏನಂದರೆ, ಮೊದಲು ಒಂದು ಪಾಲು ಅರಕ್, ನಂತರ ಎರಡು ಪಾಲು ನೀರು, ಕೊನೆಗೆ ಐಸ್. ಎರಡನೇ ಸುತ್ತಿಗೆ ಹೊಸ ಲೋಟ ಕೇಳಿ, ಹಳೆಯದಕ್ಕೆ ಪೊರೆ ಅಂಟಿರುತ್ತದೆ. ಕುಡಿಯದವರು ಸಂಕೋಚ ಪಡಬೇಕಿಲ್ಲ, ಲಿಮೊನಾಡ ತರಿಸಿಕೊಳ್ಳಿ.

ಪ್ರಶ್ನೆ: ಹಸಿ ಮಾಂಸದ ಕಿಬ್ಬೆ ನಯ್ಯೆ ತಿನ್ನಬಹುದಾ? ಬೇಡ ಅಂದರೆ ಅವಮಾನ ಅಂದುಕೊಳ್ಳುತ್ತಾರಾ?

ಉತ್ತರ: ಅದು ಅವರ ಹೆಮ್ಮೆಯ ತಟ್ಟೆ. ಹಿಂದೆ ಕಲ್ಲಿನ ಒರಳಲ್ಲಿ ಗಂಟೆಗಟ್ಟಲೆ ಕುಟ್ಟುತ್ತಿದ್ದರು. ಗೊತ್ತಿರುವ ಕಸಾಯಿಯಿಂದ ಬೆಳಿಗ್ಗೆ ತಂದ ಮಾಂಸವಾದರೆ ಮಾತ್ರ ಮಾಡುತ್ತಾರೆ, ಅದೇ ದಿನ ತಿಂದು ಮುಗಿಸುತ್ತಾರೆ. ಹಾಗಿದ್ದರೂ ಹಸಿ ಮಾಂಸ ಹಸಿ ಮಾಂಸವೇ. ಗರ್ಭಿಣಿಯರು, ಮಕ್ಕಳು, ವಯಸ್ಸಾದವರು ಬೇಡವೇ ಬೇಡ. ನಾನು ಆರು ವರ್ಷವೂ ಎದೆ ಮೇಲೆ ಕೈ ಇಟ್ಟು ನಗುತ್ತಾ ತಲೆ ಅಲ್ಲಾಡಿಸಿ ದಾಟಿಸಿದೆ, ಯಾರೂ ಏನೂ ಅನ್ನಲಿಲ್ಲ. ಎದೆ ಮೇಲೆ ಕೈ ಇಟ್ಟರೆ ಸಾಕು, ಬೇಡ ಅನ್ನುವುದು ಅಲ್ಲಿ ಮರ್ಯಾದೆಯಾಗಿಯೇ ತಲುಪುತ್ತದೆ.

ಪ್ರಶ್ನೆ: ಹಳೆಯ ಪ್ರವಾಸಿ ಪುಸ್ತಕದಲ್ಲಿ ಒಂದು ಡಾಲರ್‌ಗೆ 1,500 ಲಿರಾ ಅಂತಿದೆ. ಲೆಕ್ಕ ಸರಿನಾ?

ಉತ್ತರ: ಆ ಪುಸ್ತಕ ರದ್ದಿಗೆ ಹಾಕಿ. 2019ರ ಕೊನೆಯಲ್ಲಿ ಬ್ಯಾಂಕುಗಳು ಮುಳುಗಿದ ಮೇಲೆ ಲಿರಾ ಕುಸಿದು, ಈಗಿನ ಲೆಕ್ಕ ಡಾಲರ್‌ಗೆ ಸುಮಾರು 89,500. ಬಹಳಷ್ಟು ಹೋಟೆಲುಗಳು ಮೆನುವಿನಲ್ಲಿ ಡಾಲರ್ ಬೆಲೆಯೇ ಬರೆಯುತ್ತವೆ. ಚಿಕ್ಕ ನೋಟುಗಳಲ್ಲಿ ಡಾಲರ್ ನಗದು ಇಟ್ಟುಕೊಳ್ಳಿ, ಚಿಲ್ಲರೆ ಲಿರಾದಲ್ಲಿ ಬಂದರೆ ಗಾಬರಿಯಾಗಬೇಡಿ. ಊಟಕ್ಕೆ ಕರೆದವರು ಬಿಲ್ ಕೊಡಲು ಬಿಡುವುದೇ ಇಲ್ಲ. ನಮ್ಮವರು ಒಮ್ಮೆ ಕೈ ತೊಳೆಯುವ ನೆಪದಲ್ಲಿ ಹೋಗಿ ಕೊಡಲು ನೋಡಿದರು. ಅಷ್ಟರಲ್ಲಿ ಕರೆದವರು ಬರುವ ದಾರಿಯಲ್ಲೇ ಮಾಣಿಯ ಕಿವಿ ಕಚ್ಚಿ ಆಗಿತ್ತು.

ಪ್ರಶ್ನೆ: ಮನೆಗೇ ಊಟಕ್ಕೆ ಕರೆದಿದ್ದಾರೆ. ಏನು ತೆಗೆದುಕೊಂಡು ಹೋಗಲಿ?

ಉತ್ತರ: ಅರ್ಧ ಕಿಲೋ ಬಕ್ಲಾವಾ ಪೆಟ್ಟಿಗೆ, ಇಲ್ಲವೇ ಹೂವು. ತಿನ್ನುವಾಗ ಅಡುಗೆ ಮಾಡಿದ ಹೆಂಗಸಿಗೆ ‘ಯಿಸ್ಲಮು ಇದೇಕಿ’ ಅನ್ನಿ, ನಿಮ್ಮ ಕೈಗಳು ಚೆನ್ನಾಗಿರಲಿ ಅಂತ. ಎಲ್ಲ ಮುಗಿದ ಮೇಲೆ ಸಣ್ಣ ಕಪ್ಪಿನಲ್ಲಿ ಏಲಕ್ಕಿ ಹಾಕಿದ ಕಾಫಿ ಬರುತ್ತದೆ. ತಳದಲ್ಲಿ ಪುಡಿ ಕೂತಿರುತ್ತದೆ, ಕೊನೆ ಗುಟುಕು ಬಿಟ್ಟುಬಿಡಿ. ಕಾಫಿ ಆಗದವರಿಗೆ ‘ಬಿಳಿ ಕಾಫಿ’ ಇದೆ. ಅದರಲ್ಲಿ ಕಾಫಿಯೇ ಇಲ್ಲ, ಬಿಸಿನೀರಿಗೆ ಕಿತ್ತಳೆ ಹೂವಿನ ಪನ್ನೀರು ಬೆರೆಸಿ ಕೊಡುತ್ತಾರೆ. ಖಾಲಿ ಕಪ್ ವಾಪಸ್ ಇಡುವಾಗ ‘ದೈಮೆ’ ಅನ್ನಬೇಕು, ಯಾವಾಗಲೂ ಹೀಗೇ ಇರಲಿ ಅಂತ. ಅದನ್ನು ಅಂದ ತಕ್ಷಣ ಎದ್ದು ಹೊರಡಬೇಡಿ, ಇನ್ನೊಂದು ತಟ್ಟೆ ಹಣ್ಣು ಒಳಗೆ ಹೆಚ್ಚುತ್ತಿರುತ್ತಾರೆ.